ಈಸ್ಟರ್ ಸೋಮವಾರದ ಮದುವೆ

"ಆ ಪುಸ್ತಕದ ಗೊಡವೆಗೆ ಹೋಗಬೇಡ ಅಕ್ಕ. ಕೈ ಮುಗಿದು ಕೇಳ್ಕೋತೀನಿ."

ಲಾಕಪ್ಪಿನ ಕಂಬಿಯಾಚೆಯಿಂದ ಸಲ್ತಿ ಹೇಳಿದ್ದು ಇಷ್ಟೇ. ನಾಲ್ಕು ದಿನದಿಂದ ತುಟಿ ಪಿಟಕ್ಕೆನ್ನದೆ ಕೂತಿದ್ದವನು ಬಾಯಿ ಬಿಟ್ಟಿದ್ದೇ ಈ ಮಾತಿಗೆ. ಅಫೀಫಾಳಿಗೆ ಮೈಯೆಲ್ಲ ಉರಿದುಹೋಯಿತು.

"ಪುಸ್ತಕದ ಗೊಡವೆ ಬಿಟ್ಟು ನಿನ್ನ ನೇಣಿನ ಹಗ್ಗ ಹೊಸೀತಾ ಕೂರ್ಲಾ? ಶುಕ್ರವಾರ ಸಂಜೆ ಮೇಷ್ಟ್ರ ಜೊತೆ ಯಾಕೆ ಕೂಗಾಡಿದೆ, ಅಷ್ಟು ಹೇಳು. ಬೇರೇನೂ ಬೇಡ."

ಸಲ್ತಿ ಅಕ್ಕ ತಂದಿದ್ದ ಬೇಳೆಯ ಸಾರಿಗೆ ರೊಟ್ಟಿ ಅದ್ದಿ ಬಾಯಿಗಿಟ್ಟುಕೊಂಡ. ಶನಿವಾರ ಬೆಳಿಗ್ಗೆ ಸಂತ ಮತ್ತಾಯನ ಚರ್ಚಿನ ಗಂಟೆಗೋಪುರದ ಮೆಟ್ಟಿಲ ಬುಡದಲ್ಲಿ ಆರ್ಗನ್ ನುಡಿಸುವ ಬಿಶಾರಾ ಮೇಷ್ಟ್ರ ಹೆಣ ಸಿಕ್ಕಿತ್ತು. ಗೋಪುರದ ಕೀಲಿ ಇದ್ದದ್ದು ಗಂಟೆ ಬಾರಿಸುವ ಸಲ್ತಿಯೊಬ್ಬನ ಹತ್ತಿರ. ಹಿಂದಿನ ಸಂಜೆ ಅದೇ ಗೋಪುರದ ಕೆಳಗೆ ಇಬ್ಬರೂ ಗಂಟಲು ಹರಿಯುವ ಹಾಗೆ ಜಗಳಾಡಿದ್ದನ್ನು ಬೀದಿಯ ಅರ್ಧ ಜನ ಕೇಳಿಸಿಕೊಂಡಿದ್ದರು. ಪೊಲೀಸರಿಗೆ ಇನ್ನೇನು ಬೇಕು?

ಅವನ ಉಗುರಿನ ಸಂದಿಯೆಲ್ಲ ಕೆಂಗಂದಾಗಿತ್ತು. ಪ್ರತಿ ಈಸ್ಟರಿಗೂ ಈರುಳ್ಳಿ ಸಿಪ್ಪೆ ಕುದಿಸಿ ಚರ್ಚಿನ ಮುನ್ನೂರು ಮೊಟ್ಟೆಗೆ ಬಣ್ಣ ಕಟ್ಟುವವನು ಇವನೇ. ಹಬ್ಬ ಬಂತೆಂದರೆ ಅವನ ಬೆರಳು ಹೀಗೇ. ಅಮ್ಮ ಇದ್ದಾಗ ಹಿಡಿದು ಕೂರಿಸಿ ನಿಂಬೆಹಣ್ಣಿನಿಂದ ಉಜ್ಜುತ್ತಿದ್ದಳು. ನಲವತ್ತಾರು ವರ್ಷದ ಗಂಡಸು, ಬೆರಳು ಮಾತ್ರ ಹತ್ತು ವರ್ಷದ ಹುಡುಗನದು. ಅದನ್ನು ನೋಡಿ ಅಫೀಫಾಳ ಸಿಟ್ಟು ಇಳಿದುಹೋಯಿತು.

"ಉಣ್ಣು, ಉಣ್ಣು. ಆಲಿವ್ ಇನ್ನೊಂದಿಷ್ಟು ಹಾಕ್ಲಾ?" ಎಂದಳು.

ಹೊರಗೆ ಬಾಗಿಲಲ್ಲಿ ಅಧಿಕಾರಿ ಹಮ್ದಾನ್ ಕಾಯುತ್ತಿದ್ದ. ಅವಳ ಕೈಯಲ್ಲೇ ಅಕ್ಷರ ಕಲಿತವನು. ಮುಸಲ್ಮಾನರ ಮನೆಯ ಹುಡುಗನಾದರೂ ಓದಿದ್ದು ಚರ್ಚಿನ ಶಾಲೆಯಲ್ಲಿ. ಪ್ರತಿ ವರ್ಷ ಈಸ್ಟರ್ ದಿನ ಅವಳ ಮನೆಗೆ ಬಂದು ಬಿಸ್ಕತ್ತು ತಿಂದು ಹೋಗುವುದು ಇವತ್ತಿಗೂ ತಪ್ಪಿಸಿಲ್ಲ.

"ಟೀಚರ್, ನಾಲ್ಕು ಗಂಟೆಗೆ ಜೀಪು ಹೊರಡುತ್ತೆ. ರಾಜಧಾನಿ ಮುಟ್ಟಿದ ಮೇಲೆ ಕೇಸು ನನ್ನ ಕೈಯಲ್ಲಿರಲ್ಲ."

"ಅವನು ಕೊಲೆ ಮಾಡೋ ಪೈಕಿನಾ ಹಮ್ದಾನ್? ನೀನು ಚಿಕ್ಕೋನಿದ್ದಾಗ ನಿನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಗಂಟೆ ಹಗ್ಗ ಎಳೆಸಿದ್ದ."

"ಅದನ್ನ ಕಾಗದದ ಮೇಲೆ ಬರೆಯಕ್ಕಾಗುತ್ತಾ? ಕೈಯಲ್ಲಿ ಹಿಡಿಯೋ ಅಂಥದ್ದು ಏನಾದ್ರೂ ತನ್ನಿ, ಜೀಪು ನಿಲ್ಲಿಸ್ತೀನಿ. ನಾಲ್ಕರೊಳಗೆ." ಅವನು ದನಿ ತಗ್ಗಿಸಿದ. "ಅಲ್ಲಿ ಅವನನ್ನ ನನ್ನ ಹಾಗೆ ಯಾರೂ ಮಾತಾಡಿಸಲ್ಲ ಟೀಚರ್."

ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

*

ಚರ್ಚಿನ ಹಾಲ್‌ನಲ್ಲಿ ಐನ್ ರುಮ್ಮಾನ ಎಂಬ ಆ ಅರಬ್ ಊರಿನ ಪ್ರೊಟೆಸ್ಟಂಟ್ ಹೆಂಗಸರೆಲ್ಲ ತೋಳು ಮಡಿಸಿ ಹಬ್ಬದ ಬಿಸ್ಕತ್ತಿಗೆ ಕೂತಿದ್ದರು. ರವೆ, ತುಪ್ಪ, ಖರ್ಜೂರ. ಮರದ ಅಚ್ಚನ್ನು ಮೇಜಿಗೆ ಬಡಿಯುವ ಟಕ್ ಟಕ್ ಸದ್ದು. ಕೊಲೆಯಾಗಿರಲಿ, ಭೂಕಂಪವಾಗಿರಲಿ, ಈಸ್ಟರಿಗೆ ಮುಂಚಿನ ಮಂಗಳವಾರ ಬಿಸ್ಕತ್ತು ಆಗಲೇಬೇಕು. ಅಫೀಫಾ ಬಾರದೆ ಮನೆಯಲ್ಲಿ ಕೂತಿದ್ದರೆ ಮಾತು ಇನ್ನೂ ಬೆಳೆಯುತ್ತಿತ್ತು. ಆದ್ದರಿಂದ ಬಂದು ಹಿಟ್ಟಿನ ಮುಂದೆ ಕೂತಳು.

"ಹಿಟ್ಟು ನಾದ್ತಿದ್ದೀಯೋ, ಯಾರದಾದ್ರೂ ಕತ್ತು ಹಿಸುಕ್ತಿದ್ದೀಯೋ?" ಎಂದಳು ಉಮ್ ಸಾಮಿರ್. ಸಾಮಿರನ ತಾಯಿ ಎಂದೇ ಊರಿಗೆಲ್ಲ ಗೊತ್ತಿರುವ ಈ ದಪ್ಪ ಹೆಂಗಸು ಅಫೀಫಾಳ ಬಾಲ್ಯದ ಗೆಳತಿ, ಹಾಲ್‌ನ ಅಡುಗೆಮನೆಯ ಪಟ್ಟದ ರಾಣಿ.

"ಕತ್ತು ಯಾರದು ಅಂತ ಗೊತ್ತಾಗಲಿ, ಆಮೇಲೆ ಹಿಸುಕ್ತೀನಿ."

ಕೈ ಹಿಟ್ಟಿನಲ್ಲಿದ್ದರೂ ಅಫೀಫಾಳ ತಲೆ ಪಾದ್ರಿಗಳ ಕೋಣೆಯಲ್ಲಿತ್ತು. ಕಳೆದ ಶುಕ್ರವಾರ ಬೆಳಿಗ್ಗೆ ಅಲ್ಲಿ ನೀರು ಜಿನುಗುವ ಗೋಡೆಯನ್ನು ಗಾರೆಯವನು ಒಡೆದಾಗ, ಮುಚ್ಚಿಹೋಗಿದ್ದ ಗೂಡಿನಲ್ಲಿ ಹಳೆಯ ಮದುವೆ ರಿಜಿಸ್ಟರ್ ಸಿಕ್ಕಿತ್ತು. ಮೂವತ್ತು ವರ್ಷದಿಂದ ಕಳೆದುಹೋಗಿದ್ದ ಪುಸ್ತಕ. ಅದರೊಳಗೊಂದು ಮದುವೆ: ಇಸ್ಕಂದರ್ ಬೇ ಎಂಬ ದೊಡ್ಡ ಮನುಷ್ಯನಿಗೂ ಅವನ ಮನೆ ನೋಡಿಕೊಳ್ಳುತ್ತಿದ್ದ ಲಬೀಬಾಳಿಗೂ.

ಇಸ್ಕಂದರ್ ಬೇ ಮದುವೆಯಾಗದೆ ಸತ್ತನೆಂದೇ ಊರು ನಂಬಿತ್ತು. ವಾರಸುದಾರರಿಲ್ಲದ ಅವನ ಮನೆ ಚರ್ಚಿಗೆ ಬಂದು, ಅಲ್ಲೇ ಚರ್ಚಿನ ಶಾಲೆ ನಡೆಯುತ್ತಿತ್ತು. ಅಫೀಫಾ ಮೂವತ್ತೆರಡು ವರ್ಷ ಪಾಠ ಹೇಳಿದ್ದು ಅದೇ ಕೋಣೆಗಳಲ್ಲಿ. ಈಗ ಮದುವೆ ಆಗಿತ್ತೆಂದರೆ ಲಬೀಬಾಳ ಮಗಳು ನುಹಾ ಬೇಯ ಮಗಳಾಗುತ್ತಾಳೆ, ಮನೆ ನುಹಾಳದಾಗುತ್ತದೆ. ಚರ್ಚಿನ ಮದುವೆ ಪುಸ್ತಕದ ಮಾತಿಗೆ ನ್ಯಾಯಾಲಯದಲ್ಲೂ ಎದುರಿಲ್ಲ. ನುಹಾಳ ಗಂಡ ಅನೀಸ್ ಚರ್ಚ್ ಸಭೆಯ ಕಾರ್ಯದರ್ಶಿ; ಗೂಡಿನಿಂದ ಪುಸ್ತಕ ಎತ್ತಿ ದೂಳು ಕೊಡವಿದವನೂ ಅವನೇ.

ಆ ಹಾಳೆಯನ್ನು ನೋಡಿ ಬಿಶಾರಾ ಮೇಷ್ಟ್ರು ನಕ್ಕಿದ್ದರಂತೆ. 'ಭಾನುವಾರ ಎಲ್ಲರೆದುರು ಇದರ ಬಗ್ಗೆ ಒಂದು ಮಾತು ಹೇಳ್ತೀನಿ' ಎಂದಿದ್ದರಂತೆ. ಭಾನುವಾರ ಅವರು ಪೆಟ್ಟಿಗೆಯಲ್ಲಿ ಮಲಗಿದ್ದರು.

ಹಾಳೆ ಸುಳ್ಳು ಎಂದು ಅಫೀಫಾಳ ಮನಸ್ಸು ಹೇಳುತ್ತಿತ್ತು. ಆದರೆ ಎಲ್ಲಿ ಸುಳ್ಳು? ಅಕ್ಷರ ಹಳೆಯ ಪಾದ್ರಿ ಖಲೀಲರದೇ. ಅಚ್ಚು ಹಳೆಯದೇ. ಹಾಳೆ ಹಪ್ಪಳದ ಹಾಗೆ ಸ್ವಲ್ಪ ಅಲೆ ಎದ್ದಿತ್ತು ನಿಜ, ಆದರೆ ನೀರು ಜಿನುಗುವ ಗೋಡೆಯಲ್ಲಿ ಇದ್ದದ್ದಲ್ಲವೇ. ನಾಲ್ಕು ದಿನ ಭೂತಗನ್ನಡಿ ಹಿಡಿದು ನೋಡಿದರೂ ಏನೂ ಸಿಕ್ಕಿರಲಿಲ್ಲ.

"ಏಯ್!" ಉಮ್ ಸಾಮಿರ್ ಸೊಸೆಯ ಕೈ ಮೇಲೆ ಫಟ್ಟನೆ ಹೊಡೆದಳು. ಸೊಸೆ ಮುರಿದ ಬಿಸ್ಕತ್ತಿನ ಚೂರೊಂದನ್ನು ಬಾಯಿಗೆ ಒಯ್ಯುತ್ತಿದ್ದಳು. "ಭಾನುವಾರದವರೆಗೆ ನಾಲಿಗೆ ಒಳಗಿರಲಿ! ತುಪ್ಪದ್ದು ಅದು. ಈಸ್ಟರಿಗೆ ಮುಂಚಿನ ಉಪವಾಸದಲ್ಲಿ ತುಪ್ಪ, ಹಾಲು, ಮಾಂಸ ನಾನು ಹುಟ್ಟಿದಾಗಿನಿಂದ ಒಂದು ಚೂರು ಮುಟ್ಟಿಲ್ಲ."

"ಅದಕ್ಕೇ ಅತ್ತೆ, ಭಾನುವಾರ ಒಂದೇ ದಿನಕ್ಕೆ ತಟ್ಟೆ ಖಾಲಿ ಆಗೋದು."

ಎಲ್ಲರೂ ಗೊಳ್ಳೆಂದರು. ಉಮ್ ಸಾಮಿರ್ ಮಾತು ಮರೆಸಲು ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ ಚೀಲ ತಂದು ಮೇಜಿನ ಮೇಲೆ ಕುಕ್ಕಿದಳು.

"ನಗೋದಲ್ಲ, ಇದನ್ನ ನೋಡಿ. ವರ್ಷವಿಡೀ ಮನೆಮನೆಯಿಂದ ಕೂಡಿಸಿದ ಈರುಳ್ಳಿ ಸಿಪ್ಪೆ, ಅರ್ಧ ಚೀಲ ಮಾಯ! ಶನಿವಾರ ಮೊಟ್ಟೆಗೆ ಏನು ಹಾಕ್ಲಿ, ನನ್ನ ತಲೆ?"

"ಇಲಿ ಇರಬೇಕು."

"ಸಿಪ್ಪೆ ತಿನ್ನೋ ಇಲಿ ನಿನ್ನ ತೌರಲ್ಲಿರಬೇಕು, ಇಲ್ಲಿಲ್ಲ." ಅವಳು ಚೀಲ ಎತ್ತುವಾಗ ಗೋಡೆಯ ಬೋರ್ಡಿಗೆ ತಾಗಿ, ಚುಚ್ಚಿದ್ದ ಕಾರ್ಡೊಂದು ಹಿಟ್ಟಿನೊಳಕ್ಕೆ ಬಿತ್ತು. ಕುರಿಮರಿಯ ಚಿತ್ರ, ಹಳದಿ ಹೂವು. ಪಾದ್ರಿ ಖಲೀಲರ ಮಗಳು ಇಂಗ್ಲೆಂಡಿನಿಂದ ಪ್ರತಿ ವರ್ಷ ಕಳಿಸುವ ಈಸ್ಟರ್ ಕಾರ್ಡು. ಬಂದು ತಿಂಗಳ ಮೇಲಾಗಿತ್ತು.

"ಇವಳೊಬ್ಬಳು, ಯಾವಾಗಲೂ ಅವಸರ," ಎಂದಳು ಸೊಸೆ. "ನಾವಿನ್ನೂ ಬೇಳೆ ಸಾರು ಕುಡೀತಾ ಇರ್ತೀವಿ, ಇವಳ ಹಬ್ಬ ಮುಗಿದೇಹೋಗಿರುತ್ತೆ."

"ನಾವೂ ಹಾಗೇ ಇದ್ದೋರು ಕಣೆ," ಉಮ್ ಸಾಮಿರ್ ಕಾರ್ಡಿನ ಹಿಟ್ಟು ಒರೆಸಿದಳು. "ನೀವು ಈಗಿನವರಿಗೇನು ಗೊತ್ತು. ಆಗ ನಮಗೆ ಇಂಗ್ಲೆಂಡಿನ ತಾರೀಖು, ಆರ್ಥಡಾಕ್ಸ್ ಚರ್ಚಿನವರಿಗೆ ಅವರ ಹಳೇ ಪಂಚಾಂಗದ್ದು. ಒಂದೇ ಬೀದಿಯಲ್ಲಿ ಎರಡು ಈಸ್ಟರ್. ನಾವು ಮೊಟ್ಟೆ ಹಿಡ್ಕೊಂಡು ಹೊರಗೆ ಬಂದ್ರೆ ಆ ಹುಡುಗರು ಏನಂತಿದ್ರು ಗೊತ್ತಾ? 'ಯೇಸು ಇನ್ನೂ ಸತ್ತೇ ಇಲ್ಲ, ನೀವಾಗಲೇ ಎಬ್ಬಿಸಿಬಿಟ್ರಾ!'"

ಹಾಲೆಲ್ಲ ನಕ್ಕಿತು. ಅಫೀಫಾಳ ಕೈ ಮಾತ್ರ ಹಿಟ್ಟಿನಲ್ಲೇ ನಿಂತುಹೋಯಿತು.

ಎರಡು ಈಸ್ಟರ್.

ಹನ್ನೆರಡು ವರ್ಷದ ಹಿಂದೆ ಊರಿನ ಮೂರೂ ಚರ್ಚುಗಳ ಹಿರಿಯರು ಕೂತು ಮಾತಾಡಿ, ಇನ್ನು ಮೇಲೆ ಈಸ್ಟರನ್ನು ಆರ್ಥಡಾಕ್ಸರ ತಾರೀಖಿಗೆ ಎಲ್ಲರೂ ಸೇರಿ ಮಾಡೋಣ ಎಂದು ಒಪ್ಪಿಕೊಂಡಿದ್ದರು. ಹನ್ನೆರಡು ವರ್ಷದಲ್ಲಿ ಅದು ಎಷ್ಟು ರೂಢಿಯಾಗಿತ್ತೆಂದರೆ, ಮೊದಲು ಬೇರೆ ಇತ್ತೆಂಬುದೇ ಮರೆತುಹೋಗಿತ್ತು. ಇತಿಹಾಸ ಬರೆಯುತ್ತೇನೆಂದು ಚರ್ಚಿನ ಹಳೆಯ ಕಾಗದವನ್ನೆಲ್ಲ ಮನೆಗೆ ಹೊತ್ತಿದ್ದ ಅಫೀಫಾಳಿಗೂ.

"ಥೂ ನನ್ನ ಬುದ್ಧಿಗಿಷ್ಟು!" ಎಂದು ಎದ್ದಳು.

"ಎಲ್ಲಿಗೆ? ಕೈ ತೊಳಕೊಂಡಾದ್ರೂ ಹೋಗೆ!"

*

ಪಾದ್ರಿ ನದೀಮ್ ಚಿಕ್ಕ ವಯಸ್ಸಿನವರು, ಯಾವುದಕ್ಕೂ ಹೂಂ ಎನ್ನುವ ಮುಂಚೆ ಮೂರು ಸಲ ಕನ್ನಡಕ ಒರೆಸುವವರು. ಅವಳು ಬೀರುವಿನಿಂದ ಎರಡು ಪುಸ್ತಕ ಎಳೆದು ಪಕ್ಕಪಕ್ಕ ತೆರೆದಿಟ್ಟಾಗ ಅವರು ಎರಡನೆಯ ಸಲ ಒರೆಸುತ್ತಿದ್ದರು.

ಹಳೆಯ ಪಾದ್ರಿ ಖಲೀಲರಿಗೆ ಒಂದು ಅಭ್ಯಾಸವಿತ್ತು. ಯಾವ ತಾರೀಖು ಬರೆದರೂ ಅದರ ಮುಂದೆ ಚರ್ಚಿನ ದಿನವನ್ನೂ ಬರೆಯುವುದು. ಗರಿಗಳ ಭಾನುವಾರ, ಈಸ್ಟರ್ ಕಳೆದ ಎರಡನೆಯ ಭಾನುವಾರ, ಹೀಗೆ. ಸಿಕ್ಕ ಮದುವೆ ಪುಸ್ತಕದಲ್ಲೂ ಅದೇ ರೀತಿ: 'ಮೇ 7, 1945, ಈಸ್ಟರ್ ಸೋಮವಾರ.'

ಇನ್ನೊಂದು ಪುಸ್ತಕ ಜ್ಞಾನಸ್ನಾನದ್ದು, ಎಂದೂ ಕಳೆದುಹೋಗದೆ ಬೀರುವಿನಲ್ಲೇ ಇದ್ದದ್ದು. ಅದರಲ್ಲಿ ಉಮ್ ಸಾಮಿರಳ ಕೊನೆಯ ತಮ್ಮನ ಹೆಸರು. ಅದೇ ಕೈ, ಅದೇ ವರ್ಷ: 'ಏಪ್ರಿಲ್ 1, 1945, ಈಸ್ಟರ್ ಭಾನುವಾರ.'

"ಒಂದು ವರ್ಷಕ್ಕೆ ಎರಡು ಸಲ ಎದ್ದನಾ ನಮ್ಮ ಕರ್ತನು?" ಎಂದಳು ಅಫೀಫಾ. "ಆಗ ನನಗೆ ಹದಿನೆಂಟು ವರ್ಷ ಪಾದ್ರಿಗಳೇ. ಆ ಸಲ ನಮ್ಮ ಹಬ್ಬ ಏಪ್ರಿಲ್ ಒಂದಕ್ಕೆ ಬಂದು, 'ನಿಮ್ಮ ಈಸ್ಟರ್ ಏಪ್ರಿಲ್ ಫೂಲ್ ಸುಳ್ಳು' ಅಂತ ಬೀದಿಯೆಲ್ಲ ರೇಗಿಸಿತ್ತು. ಬಿಶಾರಾ ಮೇಷ್ಟ್ರು ರೇಗಿ ಆರ್ಗನ್ನನ್ನ ಬೀದಿಗೆಲ್ಲ ಕೇಳೋ ಹಾಗೆ ಬಾರಿಸಿದ್ರು. ಮೇ ಏಳು ಆರ್ಥಡಾಕ್ಸರ ಈಸ್ಟರ್ ಸೋಮವಾರ. ನಮಗೆ ಬರೀ ಸೋಮವಾರ."

ಪಾದ್ರಿಗಳು ಕನ್ನಡಕ ಹಾಕಿಕೊಂಡರು. "ಅಂದ್ರೆ ಬರೆದವರು..."

"ಎರಡು ಈಸ್ಟರ್ ನೋಡದೇ ಇದ್ದೋರು. ಹೊರಗಿನಿಂದ ಬಂದೋರು." ಅಫೀಫಾಳ ಕಣ್ಣ ಮುಂದೆ ಒಂದೇ ಮುಖ ಬಂತು. ಹತ್ತು ವರ್ಷದ ಹಿಂದೆ, ಬರೀ ಆರ್ಥಡಾಕ್ಸರಿರುವ ಹಳ್ಳಿಯಿಂದ ನುಹಾಳನ್ನು ಮದುವೆಯಾಗಿ ಬಂದು ಪ್ರೊಟೆಸ್ಟಂಟನಾದ ಅನೀಸ್. ಮಾರುಕಟ್ಟೆಯಲ್ಲಿ ಅವನದು ಅಚ್ಚಿನ ಅಂಗಡಿ. ಊರಿನ ಮದುವೆ ಕರೆಯೋಲೆಗಳ ಮೇಲೆ ಹೆಸರು ಬರೆಯುವ ಕೈ ಅವನದು, ಯಾವ ಅಕ್ಷರ ಬೇಕಾದರೂ ಬರೆಯುವ ಕೈ. ಪೊಲೀಸರಿಗೆ ಸುಳ್ಳು ಹಾಳೆ ತೋರಿಸಿದರೆ ಸಾಲದು, ಬರೆದವನೂ ಬೇಕು. ಅವನ ಬಾಯಿಂದ ಒಂದು ಮಾತು ಬಂದರೆ ಸಲ್ತಿ ಸಂಜೆಗೆ ಮನೆಯಲ್ಲಿರುತ್ತಾನೆ.

"ಪುಸ್ತಕ ಚರ್ಚಿನಿಂದ ಹೊರಗೆ ಹೋಗೋ ಹಾಗಿಲ್ಲ ಸಿತ್ ಅಫೀಫಾ," ಎಂದರು ಪಾದ್ರಿಗಳು, ಹಿರಿಯ ಹೆಂಗಸರಿಗೆ ಕೊಡುವ ಗೌರವದ 'ಸಿತ್' ಸೇರಿಸಿ.

"ಹೋಗಲ್ಲ. ಬಿಸ್ಕತ್ತು ಹೋಗುತ್ತೆ."

ಹಾಲ್‌ನಿಂದ ದೊಡ್ಡ ತಗಡಿನ ಡಬ್ಬಿ ತಂದು ಮದುವೆ ಪುಸ್ತಕವನ್ನು ಅಡಿಯಲ್ಲಿಟ್ಟಳು. ಮೇಲೆ ಕಾಗದ, ಅದರ ಮೇಲೆ ಎರಡು ಸಾಲು ಬಿಸ್ಕತ್ತು. ಪಾದ್ರಿಗಳು ಮೂರನೆಯ ಸಲ ಕನ್ನಡಕ ಒರೆಸಿ ಕಿಟಕಿಯ ಕಡೆ ತಿರುಗಿದರು. ಅದನ್ನೇ ಒಪ್ಪಿಗೆ ಎಂದುಕೊಂಡು ಅಫೀಫಾ ಹೊರಟಳು.

*

"ಬನ್ನಿ ಸಿತ್, ಬನ್ನಿ! ಕಾಫಿ ತರಿಸ್ಲಾ?"

ಅನೀಸ್ ಯಂತ್ರ ನಿಲ್ಲಿಸಿ, ಮಸಿಯ ಕೈ ಒರೆಸಿ, ಕುರ್ಚಿಯ ದೂಳು ಹೊಡೆದ. ಎಂಥ ಕೊಳಕು ಕೆಲಸದಲ್ಲೂ ಅಂಗಿಯ ತೋಳಿಗೆ ಕಲೆ ಮಾಡಿಕೊಳ್ಳದ ಮನುಷ್ಯ. ಅಂಗಡಿಯ ತುಂಬ ಹಗ್ಗಕ್ಕೆ ಒಣಹಾಕಿದ ಮದುವೆ ಕರೆಯೋಲೆಗಳು.

"ಬೇಡ. ಯಾರ ಮದುವೆ ಇದು?"

"ಕೆಳಗಿನ ಬೀದಿಯ ಹದ್ದಾದರ ಮನೆ ಹುಡುಗಂದು. ಈಸ್ಟರ್ ಸೋಮವಾರ. ಉಪವಾಸ ಮುಗಿದಿದ್ದೇ ತಡ, ಎಲ್ಲರಿಗೂ ಮದುವೆ ಅವಸರ. ಊಟಕ್ಕೂ ಪುರುಸೊತ್ತಿಲ್ಲ ನನಗೆ."

"ಇಸ್ಕಂದರ್ ಬೇಗೂ ಅದೇ ಅವಸರ ಇತ್ತಲ್ಲ."

"ಇದ್ದಿರಬೇಕು." ಅವನು ನಕ್ಕ. "ಸಲ್ತಿಗೆ ವಕೀಲರನ್ನ ನೋಡಿದ್ರಾ? ಪಾಪ, ಮನಸ್ಸಿಗೆ ಬೇಜಾರಾಗುತ್ತೆ."

ಆ 'ಪಾಪ' ಕೇಳಿ ಅಫೀಫಾಳಿಗೆ ಅವನ ಕಪಾಳಕ್ಕೆ ಬಾರಿಸೋಣವೆನ್ನಿಸಿತು. ಬಿಸ್ಕತ್ತಿನ ಸಾಲು ಪಕ್ಕಕ್ಕಿಟ್ಟು, ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು. ಅನೀಸನ ನಗು ಅರ್ಧಕ್ಕೆ ನಿಂತಿತು.

"ನಿಮ್ಮ ಹಳ್ಳಿಯಲ್ಲಿ ಪ್ರೊಟೆಸ್ಟಂಟರಿದ್ರಾ ಅನೀಸ್?"

"ಎಲ್ಲಿ ಬಂತು. ನಾನು ಮೊದಲು ನೋಡಿದ ಪ್ರೊಟೆಸ್ಟಂಟ್ ಅಂದ್ರೆ ನುಹಾನೇ."

"ಅದಕ್ಕೇ ನಿನಗೆ ಗೊತ್ತಾಗಲಿಲ್ಲ." ಬಹುವಚನ ತಾನಾಗಿ ಜಾರಿಹೋಗಿತ್ತು. "ಆ ವರ್ಷ ನಮ್ಮ ಈಸ್ಟರ್ ಏಪ್ರಿಲ್ ಒಂದಕ್ಕೆ. ನಿನ್ನ ಮೇ ಏಳು ಆರ್ಥಡಾಕ್ಸರ ಹಬ್ಬದ್ದು. ಪಾದ್ರಿ ಖಲೀಲರ ಅಕ್ಷರ ಕದ್ದೆ, ಅವರ ಅಭ್ಯಾಸ ಕದ್ದೆ. ಅವರ ಹಬ್ಬ ಕದಿಯಕ್ಕೆ ಆಗಲಿಲ್ಲ ನೋಡು. ಅನುಮಾನ ಇದ್ರೆ ಹೋಗಿ ಜ್ಞಾನಸ್ನಾನದ ಪುಸ್ತಕ ನೋಡು, ಏಪ್ರಿಲ್ ಒಂದು, ಈಸ್ಟರ್ ಭಾನುವಾರ ಅಂತ ಅವರೇ ಬರೆದಿದ್ದಾರೆ."

ಅನೀಸ್ ಹಾಳೆಯನ್ನೇ ನೋಡುತ್ತ ನಿಂತ. ತುಟಿ ಅಲ್ಲಾಡಿತು, ಏನನ್ನೋ ಲೆಕ್ಕ ಹಾಕುವವನ ಹಾಗೆ. ಆಮೇಲೆ ಒಂದು ನಗು ಬಂತು. ಹೆದರಿದವನ ನಗುವಲ್ಲ ಅದು. ಮೋಸ ಹೋದವನ ನಗು.

"ಅಯ್ಯೋ ಮುದುಕ!" ಎಂದ. "ಕೊನೆಗೂ ನನ್ನ ಕಾಲು ಎಳೆದೇಬಿಟ್ಟೆಯಲ್ಲ!"

"ಯಾರನ್ನ ಬೈತಿದ್ದೀಯ?"

"ಆ ತಾರೀಖು ನಂದಲ್ಲ ಸಿತ್. ಬಿಶಾರಾ ಮೇಷ್ಟ್ರದು."

ಅಫೀಫಾ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಬರೆದದ್ದು ನಾನೇ, ಇಲ್ಲ ಅನ್ನಲ್ಲ. ಹಾಳೆ ಅಚ್ಚು ಹಾಕಿದ್ದು ಇದೇ ಯಂತ್ರ. ಕಳೆದ ಪುಸ್ತಕ ನನಗೆ ಮೊದಲೇ ಸಿಕ್ಕಿತ್ತು; ಹಾಳೆ ಅದರಲ್ಲಿ ಹೊಲಿದು, ಗೋಡೆ ಒಡೆದಾಗ ಗೂಡಿನಿಂದ ಎತ್ತಿದ ಹಾಗೆ ನಟಿಸಿದೆ. ನುಹಾ ಬೇಯ ಮಗಳು ಅಂತ ಊರಿಗೆಲ್ಲ ಗೊತ್ತು. ಅವರ ಮೂಗೇ ಬಂದು ಇವಳ ಮುಖದ ಮೇಲೆ ಕೂತಿದೆ. ನಲವತ್ತು ವರ್ಷ ನೀವೆಲ್ಲರೂ ಅವಳ ಬೆನ್ನ ಹಿಂದೆ ನಕ್ರಿ. ನಿಮ್ಮ ಶಾಲೆಯಲ್ಲೇ ನಕ್ರು, ಗೊತ್ತಾ ನಿಮಗೆ?" ಅವನ ದನಿ ಏರಿ ಇಳಿಯಿತು. "ನಿಜಾನೇ ಒಂದು ಸುಳ್ಳು ಹಾಳೆ ಮೇಲೆ ಬರೆದೆ, ಅಷ್ಟೇ. ಯಾವ ತಾರೀಖು ಹಾಕಲಿ ಅಂತ ಮೇಷ್ಟ್ರನ್ನ ಕೇಳಿದೆ. 'ಈಸ್ಟರ್ ಸೋಮವಾರ ಹಾಕು, ಆ ವರ್ಷ ಮೇ ಏಳಕ್ಕೆ ಬಿದ್ದಿತ್ತು' ಅಂದ್ರು. ಅವರೇ ಅಂದ ಮೇಲೆ ನಾನ್ಯಾಕೆ ಅನುಮಾನ ಪಡಲಿ?"

ಏಪ್ರಿಲ್ ಒಂದರಂದು ಆರ್ಗನ್ ಹೊಡೆದು ಬೀದಿಯನ್ನೇ ಅಲ್ಲಾಡಿಸಿದ್ದ ಮೇಷ್ಟ್ರು ಮೇ ಏಳು ಎಂದಿದ್ದರೆ, ಅದು ಮರೆವಲ್ಲ. ಬೇಕೆಂದೇ ಇಟ್ಟ ಗುರುತು. ಪ್ರೊಟೆಸ್ಟಂಟರು ಯಾರಾದರೂ ಒಂದು ದಿನ ನೋಡಿ ಹಿಡಿಯಲಿ ಎಂದು. ಶುಕ್ರವಾರ ನಕ್ಕಿದ್ದು ಅದಕ್ಕೇ.

"ಅವರು ಇಷ್ಟವಿಲ್ಲದೆ ಬಂದಿದ್ರು," ಎಂದಳು. "ಯಾರು ಕರ್ಕೊಂಡು ಬಂದ್ರು ಅವರನ್ನ? ನೀನಾ?"

"ನಾನು ಕರೆದ್ರೆ ಬರ್ತಿದ್ರಾ ಅವರು."

"ಮತ್ತೆ ಅವರನ್ನ ಮೆಟ್ಟಿಲ ಮೇಲಿಂದ ತಳ್ಳಿದ್ದು?"

"ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಹೆಂಡತಿ ಮಕ್ಕಳ ಜೊತೆ ನನ್ನ ಹಳ್ಳಿಗೆ ಹೋದೆ. ಭಾನುವಾರ ಬಂದೆ. ಹಮ್ದಾನ್ ವಿಚಾರಿಸಿ ಆಯಿತು, ಬೇಕಿದ್ರೆ ಕೇಳಿ." ಅನೀಸ್ ಎದುರಿನ ಕುರ್ಚಿಯಲ್ಲಿ ಕೂತ. ಮೊದಲ ಸಲ ಅವನ ಮುಖದಲ್ಲಿ ನಿಜವಾದ ಕನಿಕರ ಕಂಡಿತು. ಅದು ಅಫೀಫಾಳಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. "ನನ್ನ ಬಾಯಿಂದಲೇ ಕೇಳಬೇಕಾ ಸಿತ್? ನಾನು ಅಚ್ಚಿನ ಕೆಲಸದೋನು. ಹೊಸ ಹಾಳೆಗೆ ಹಳೆ ಬಣ್ಣ ಕಟ್ಟೋದು ನನಗೆ ಬರಲ್ಲ. ಅದಕ್ಕೆ ಈರುಳ್ಳಿ ಸಿಪ್ಪೆ ಕುದಿಸಿದ ನೀರು ಬೇಕು. ಎಷ್ಟು ಹೊತ್ತು ಅದ್ದಿ ತೆಗೀಬೇಕು ಅಂತ ತಿಳಿದ ಕೈ ಬೇಕು. ಮೇಷ್ಟ್ರು ಮಗನ ಹಾಗೆ ನಂಬಿದ್ದ ಕೈ. ಗುರುವಾರ ಸಂಜೆ ಇದೇ ಮೇಜಿಗೆ ಮೂರು ಜನ ಕೂತಿದ್ವಿ."

"ಸುಳ್ಳು!"

"ಯಾಕೆ ಬಂದ ಅಂತ ಅವನನ್ನೇ ಕೇಳಿ. ನನಗೂ ಪೂರ್ತಿ ಹೇಳಲಿಲ್ಲ."

ಸುಳ್ಳು ಎಂದು ಇನ್ನೊಂದು ಸಲ ಹೇಳಲು ಅಫೀಫಾ ಬಾಯಿ ತೆರೆದಳು.

ಅರ್ಧ ಖಾಲಿಯಾದ ಸಿಪ್ಪೆಯ ಚೀಲ ಕಣ್ಣಿಗೆ ಬಂತು. ಬೆಳಿಗ್ಗೆ ಬೇಳೆ ಸಾರಿಗೆ ರೊಟ್ಟಿ ಅದ್ದುತ್ತಿದ್ದ ಆ ಬೆರಳುಗಳು ಕಣ್ಣಿಗೆ ಬಂದವು. ಪ್ರತಿ ಈಸ್ಟರಿಗೂ ಹೀಗೇ ಎಂದು ಕರಗಿಹೋಗಿದ್ದಳಲ್ಲ, ದಡ್ಡಿ! ಹಾಲ್‌ನಲ್ಲಿ ಮುನ್ನೂರು ಮೊಟ್ಟೆಯೂ ಇನ್ನೂ ಬೆಳ್ಳಗೆ ಬುಟ್ಟಿಯಲ್ಲಿದ್ದವು. ಮೊಟ್ಟೆಗೆ ಬಣ್ಣ ಹಾಕುವುದು ಶನಿವಾರ. ಇವತ್ತು ಮಂಗಳವಾರ. ಇನ್ನೊಬ್ಬನ ಹಬ್ಬದ ಲೆಕ್ಕ ತಪ್ಪಿದ್ದನ್ನು ಹಿಡಿದು ಮೆರೆಯುತ್ತ ಬಂದವಳು ತನ್ನ ತಮ್ಮನ ಬೆರಳ ಮೇಲಿದ್ದ ಲೆಕ್ಕ ನೋಡಿರಲಿಲ್ಲ.

"ಪುಸ್ತಕ ಹಮ್ದಾನ್ ಕೈಗೆ ಕೊಡಿ, ನಾನು ತಡೆಯಲ್ಲ," ಅನೀಸ್ ಮೆಲ್ಲಗೆ ಹೇಳಿದ. "ನನ್ನ ಮೇಲೆ ಬರೋದು ಒಂದು ಕಳ್ಳ ಹಾಳೆ. ಒಂದೆರಡು ವರ್ಷ ಒಳಗಿದ್ದು ಬರ್ತೀನಿ. ಆದ್ರೆ ಕೇಳಿದ್ರೆ ಮೂರೂ ಹೆಸರು ಹೇಳ್ತೀನಿ. ಶುಕ್ರವಾರ ಸಂಜೆ ಮೇಷ್ಟ್ರೂ ಅವನೂ ಯಾಕೆ ಕೂಗಾಡಿದ್ರು ಅಂತ ಪೊಲೀಸರಿಗೆ ಇವತ್ತಿನವರೆಗೂ ಗೊತ್ತಿಲ್ಲ. ಆಗ ಗೊತ್ತಾಗುತ್ತೆ."

ಅಫೀಫಾ ಪುಸ್ತಕವನ್ನು ಡಬ್ಬಿಗೆ ಹಾಕಿ, ಕಾಗದ ಮುಚ್ಚಿ, ಬಿಸ್ಕತ್ತನ್ನು ಒಂದೊಂದಾಗಿ ಜೋಡಿಸಿದಳು. ಎರಡು ಮುರಿದವು.

*

ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ಜೀಪು ಎದುರಿಗೇ ಬಂದು ನಿಂತಿತು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಹಮ್ದಾನ್ ಮುಂದಿನಿಂದ ಇಳಿದ. ಹಿಂದಿನ ಸೀಟಿನಲ್ಲಿ ಇಬ್ಬರು ಪೊಲೀಸರ ನಡುವೆ ಸಲ್ತಿ ಕೂತಿದ್ದ. ಬೇಡಿ ಹಾಕಿದ ಕೈ ಮೊಣಕಾಲ ಮೇಲಿತ್ತು. ಬಿಸಿಲಿನಲ್ಲಿ ಆ ಉಗುರುಗಳು ಇನ್ನೂ ಕೆಂಪಗೆ ಕಂಡವು.

"ನಿಮ್ಮನ್ನೇ ಹುಡುಕ್ತಿದ್ದೆ ಟೀಚರ್. ದಾರಿಯಲ್ಲಿ ಒಂದು ಸಲ ನೋಡಿಬಿಡಲಿ ಅಂತ ಈ ಕಡೆ ತಿರುಗಿಸ್ದೆ. ಏನಾದ್ರೂ ಸಿಕ್ತಾ?"

ಅಫೀಫಾ ತಮ್ಮನನ್ನು ನೋಡಿದಳು. ಅವನು ಅವಳನ್ನು ನೋಡಲಿಲ್ಲ. ಅವಳ ಹಿಂದಿನ ಅಂಗಡಿಯ ಬಾಗಿಲನ್ನು ನೋಡಿದ, ಅಲ್ಲಿ ನಿಂತ ಅನೀಸನನ್ನು ನೋಡಿದ, ಕೊನೆಗೆ ಡಬ್ಬಿಯನ್ನು ನೋಡಿದ. ಮುಖದ ರಕ್ತವೆಲ್ಲ ಇಳಿದುಹೋಯಿತು.

"ಡಬ್ಬಿಯಲ್ಲಿ ಏನು ಟೀಚರ್?" ಎಂದ ಹಮ್ದಾನ್.

ಕೊಟ್ಟರೆ ತಮ್ಮ ಹೋಗುತ್ತಾನೆ. ಕೊಡದಿದ್ದರೂ ಹೋಗುತ್ತಾನೆ. ಮೂವತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಹೇಳಿಕೊಟ್ಟ ನಾಲಿಗೆ ಅವಳದು. ಏನು ಮಾಡಿದ್ದೀಯೋ ಸಲ್ತಿ? ನಿಜ ಹೇಳೋ, ಏನು ಮಾಡಿದ್ದೀಯ?

"ಅಕ್ಕ," ಎಂದ ಸಲ್ತಿ. "ಬಿಸ್ಕತ್ತಲ್ವಾ? ದೂರದ ದಾರಿ. ನನಗೊಂದು ಕೊಡು."

ಅವನ ಕಣ್ಣಿನಲ್ಲಿ ನೀರಿತ್ತು. ಅಫೀಫಾ ಯೋಚಿಸಲಿಲ್ಲ. ಮುಚ್ಚಳ ತೆಗೆದು, ಮೇಲಿನ ಸಾಲಿನಿಂದ ಒಂದು ಬಿಸ್ಕತ್ತು ಎತ್ತಿ, ಜೀಪಿನೊಳಗೆ ಕೈ ಚಾಚಿ ಅವನ ಬಾಯಿಗಿಟ್ಟಳು. ಸಲ್ತಿ ಕಣ್ಣುಮುಚ್ಚಿ ಅಗಿದ.

"ಬರೀ ಬಿಸ್ಕತ್ತೇ ಹಮ್ದಾನ್," ಎಂದಳು. "ಏನೂ ಸಿಗಲಿಲ್ಲ ನನಗೆ."

ಹಮ್ದಾನ್ ಸಲ್ತಿಯ ಅಗಿಯುವ ಬಾಯಿಯನ್ನು ನೋಡಿದ. ಆಮೇಲೆ ಅವಳನ್ನು ನೋಡಿದ. ಶಾಲೆಯಲ್ಲಿ ಲೆಕ್ಕ ಬಿಡಿಸುವಾಗ ಹುಬ್ಬು ಗಂಟಿಕ್ಕುತ್ತಿದ್ದನಲ್ಲ, ಹಾಗೇ ಗಂಟಿಕ್ಕಿದ.

"ಟೀಚರ್," ಎಂದ, "ನಾನು ಆರು ವರ್ಷದವನಿದ್ದಾಗ ಇದೇ ಬಿಸ್ಕತ್ತಿಗೆ ಕೈ ಹಾಕಿದ್ದಕ್ಕೆ ನನ್ನ ಕೈಗೆ ಹೊಡೆದಿದ್ರಿ. ಹಬ್ಬಕ್ಕೆ ಮುಂಚೆ ನಾವ್ಯಾರೂ ಮುಟ್ಟಲ್ಲ ಅಂದಿದ್ರಿ. ಈಸ್ಟರ್ ಭಾನುವಾರ ಅಲ್ವಾ?"

ಅವಳು ಮುಚ್ಚಳ ಮುಚ್ಚುವ ಮೊದಲೇ ಅವನ ಕೈ ಡಬ್ಬಿಯೊಳಗಿತ್ತು.